ಫೋಲ್ಡರ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ: ಎನ್‌ಎಫ್‌ಎಸ್ ಮೌಂಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

"ಸರ್, ಹನ್ನೊಂದನೇ ಮಷಿನ್‌ನಲ್ಲಿ ಫೋಲ್ಡರ್ ಬರ್ತಿಲ್ಲ."

ಶಿವಮೊಗ್ಗದ ಒಂದು ಕಾಲೇಜಿನ ಲ್ಯಾಬ್‌ನಿಂದ ನನಗೆ ವಾರಕ್ಕೊಮ್ಮೆಯಾದರೂ ಈ ಫೋನ್ ಬರುತ್ತಿತ್ತು. ನನ್ನ ಉತ್ತರವೂ ಪ್ರತಿ ಸಲ ಒಂದೇ: "ರೀಸ್ಟಾರ್ಟ್ ಮಾಡಿ ನೋಡಿ." ಮಾಡುತ್ತಿದ್ದರು, ಸರಿಹೋಗುತ್ತಿತ್ತು. ಎರಡು ತಿಂಗಳು ಹೀಗೇ ನಡೆಯಿತು. ಕೊನೆಗೆ ಕೂತು ಹುಡುಕಿದರೆ ತಪ್ಪು ನನ್ನದೇ ಆಗಿತ್ತು. ಆ ಕತೆ ಮುಂದೆ ಬರುತ್ತದೆ. ಅಲ್ಲಿಂದೀಚೆಗೆ ಇಂಥ ತೊಂದರೆ ಬಂದಾಗ ನಾನು ಯಾವ ದಾರಿಯಲ್ಲಿ ಹೋಗುತ್ತೇನೆ ಎಂದು ಇಲ್ಲಿ ಬರೆದಿದ್ದೇನೆ.

ಎನ್‌ಎಫ್‌ಎಸ್ ಎಂದರೆ ಒಂದು ಮಷಿನ್‌ನ (ಸರ್ವರ್) ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬೇರೆ ಮಷಿನ್‌ಗಳಿಗೆ (ಕ್ಲೈಂಟ್) ಹಂಚುವ ವ್ಯವಸ್ಥೆ. ಆ ಫೋಲ್ಡರನ್ನು ಕ್ಲೈಂಟ್ ತನಗೆ ಜೋಡಿಸಿಕೊಳ್ಳುವುದೇ ಮೌಂಟ್. ಇದೆಲ್ಲ ಲಿನಕ್ಸ್ ಸರ್ವರ್ ಮತ್ತು ಲಿನಕ್ಸ್ ಕ್ಲೈಂಟ್‌ಗಳ ಮಾತು. ಸರ್ವರ್‌ನ ಐಪಿ (ನೆಟ್‌ವರ್ಕ್ ವಿಳಾಸ) 192.168.1.10, ಹಂಚಿದ ಫೋಲ್ಡರ್ '/ಡೇಟಾ' ಎಂದಿಟ್ಟುಕೊಳ್ಳಿ. ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಬಹಳಷ್ಟು ಕಮಾಂಡ್‌ಗಳ ಶುರುವಿನಲ್ಲಿ, ಅಡ್ಮಿನ್ ಹಕ್ಕಿಗಾಗಿ, 'ಸುಡೊ' ಬೇಕು.

ಹೆಜ್ಜೆ 1: ರೀಸ್ಟಾರ್ಟ್‌ಗಿಂತ ಮುಂಚೆ ಪುಸ್ತಕ

ಆಗಾಗ ಬಂದು ಹೋಗುವ ತೊಂದರೆಯನ್ನು ಅದು ಇರುವ ಹೊತ್ತಿನಲ್ಲೇ ಹಿಡಿಯಬೇಕು. ರೀಸ್ಟಾರ್ಟ್ ಒತ್ತಿದಿರೋ, ಕಳ್ಳ ಹಿತ್ತಲಿಂದ ಓಡಿದ ಹಾಗೆ. ಹಾಗಾಗಿ ಲ್ಯಾಬ್‌ನಲ್ಲಿ ಒಂದು ನೋಟ್‌ಬುಕ್ ನೇತುಹಾಕಿ. ಪ್ರತಿ ಸಲ ಇಷ್ಟು ಬರೆಯಲಿ: ದಿನ, ಗಂಟೆ, ಯಾವ ಮಷಿನ್, ಆನ್ ಮಾಡಿದ ಕೂಡಲೇ ಆಯಿತೋ ಕೆಲಸದ ನಡುವೆ ಆಯಿತೋ, ಬೇರೆ ಮಷಿನ್‌ಗಳು ಸರಿ ಇದ್ದವೋ, ಅದಕ್ಕೆ ಮುಂಚೆ ಕರೆಂಟ್ ಹೋಗಿತ್ತೋ, ಮಳೆ ಬರುತ್ತಿತ್ತೋ.

ಮಳೆಯ ಕಾಲಂ ನೋಡಿ ಲ್ಯಾಬ್ ಹುಡುಗ ನಕ್ಕ. ಆರಿದ್ರಾ ಮಳೆ ಶುರುವಾದ ಮೇಲೆ ಅವನೇ ಅದನ್ನು ಎಲ್ಲಕ್ಕಿಂತ ಮುತುವರ್ಜಿಯಿಂದ ತುಂಬುತ್ತಿದ್ದ.

ಹತ್ತು ಸಾಲು ತುಂಬಿದರೆ ಸಾಕು, ಅರ್ಧ ಕೆಲಸ ಆಗಿರುತ್ತದೆ. ಯಾವಾಗಲೂ ಒಂದೇ ಮಷಿನ್ ಎಂದರೆ ತಂತಿ ಅಥವಾ ಆ ಮಷಿನ್ನೇ. ಎಲ್ಲವೂ ಒಟ್ಟಿಗೆ ಹೋದರೆ ನೆಟ್‌ವರ್ಕ್ ತಂತಿಗಳೆಲ್ಲ ಸೇರುವ ಸ್ವಿಚ್ ಅಥವಾ ಸರ್ವರ್. ಕರೆಂಟ್ ಬಂದ ಮೇಲೆ ಮಾತ್ರ ಎಂದರೆ ಯಾವುದು ಮೊದಲು ಏಳುತ್ತದೆ ಎಂಬ ಸಮಸ್ಯೆ. ಸರ್ವರ್ ರೀಸ್ಟಾರ್ಟ್ ಆದ ಮೇಲೆ ಮಾತ್ರ ಎಂದರೆ ಪೋರ್ಟ್ (ಸೇವೆಯ ಬಾಗಿಲಿನ ನಂಬರ್) ಮತ್ತು ಫೈರ್‌ವಾಲ್ (ಆ ಬಾಗಿಲುಗಳ ಕಾವಲು). ಎರಡು ಮಷಿನ್‌ಗಳು ಸರದಿ ಮೇಲೆ ಬಿದ್ದರೆ ಅದು ಬೇರೆಯೇ ಕತೆ, ಹೆಜ್ಜೆ 4 ನೋಡಿ.

ಆಗಲೇ ರೀಸ್ಟಾರ್ಟ್ ಮಾಡಿಬಿಟ್ಟಿರಾ? ಪರವಾಗಿಲ್ಲ. 'ಜರ್ನಲ್‌ಸಿಟಿಎಲ್ -ಬಿ -1' ಎಂದು ಕೊಟ್ಟರೆ ಹಿಂದಿನ ಸಲ ಆನ್ ಇದ್ದಾಗಿನ ಲಾಗ್ (ನಡೆದದ್ದರ ದಾಖಲೆ) ಸಿಗುತ್ತದೆ, ಲಾಗ್ ಡಿಸ್ಕ್‌ನಲ್ಲಿ ಉಳಿಯುವಂತೆ ಇದ್ದರೆ.

ಹೆಜ್ಜೆ 2: ಮೆಸೇಜ್ ಪೂರ್ತಿ ಓದಿ

"ಮೌಂಟ್ ಆಗ್ತಿಲ್ಲ" ಎನ್ನುವುದು ಮೆಸೇಜ್ ಅಲ್ಲ. ಟರ್ಮಿನಲ್‌ನಲ್ಲಿ ಕೈಯಾರೆ ಮೌಂಟ್ ಕೊಟ್ಟು, ಬರುವ ಸಾಲನ್ನು ಪುಸ್ತಕಕ್ಕೆ ಇಳಿಸಿ. ಒಂದೊಂದು ಸಾಲೂ ಒಂದೊಂದು ಕಡೆ ಕೈ ತೋರಿಸುತ್ತದೆ.

'ಆಕ್ಸೆಸ್ ಡಿನೈಡ್ ಬೈ ಸರ್ವರ್' ಎಂದು ಬಂದರೆ ಖುಷಿಪಡಿ. ತಂತಿ ಸರಿ ಇದೆ, ಸ್ವಿಚ್ ಸರಿ ಇದೆ, ಸರ್ವರ್ ಎದ್ದಿದೆ. ಬಾಗಿಲು ತೆಗೆದು ನಿಮ್ಮ ಮುಖ ನೋಡಿಯೇ 'ಇಲ್ಲ' ಎಂದಿದೆ. ಕೇಬಲ್ ಎಳೆದಾಡಬೇಡಿ, ಸೀದಾ ಹೆಜ್ಜೆ 5ಕ್ಕೆ ಹೋಗಿ.

'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಮಷಿನ್ ಎದ್ದಿದೆ, ಎನ್‌ಎಫ್‌ಎಸ್ ಸೇವೆ ಇನ್ನೂ ಎದ್ದಿಲ್ಲ. 'ಟೈಮ್ಡ್ ಔಟ್' ಎಂದರೆ ತಟ್ಟಿದ ಸದ್ದಿಗೆ ಯಾರೂ ಓಗೊಡಲಿಲ್ಲ: ತಂತಿ, ಐಪಿ ಅಥವಾ ಸುಮ್ಮನೆ ನುಂಗಿಹಾಕುವ ಫೈರ್‌ವಾಲ್.

'ನೋ ರೂಟ್ ಟು ಹೋಸ್ಟ್' ಮೋಸ ಮಾಡುವ ಮೆಸೇಜ್. ಓದಿದರೆ ಸರ್ವರ್ ಆಫ್ ಆಗಿದೆ ಅನ್ನಿಸುತ್ತದೆ. ಎಷ್ಟೋ ಸಲ ಹಾಗೆಯೇ ಇರುತ್ತದೆ. ಆದರೆ ಸರ್ವರ್‌ನಲ್ಲಿ ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಓಡುತ್ತಿದ್ದು, ಪೋರ್ಟ್ ತೆರೆದಿಲ್ಲದಿದ್ದರೂ ಇದೇ ಸಾಲು ಬರುತ್ತದೆ. ಪಿಂಗ್ (ಎದ್ದಿದ್ದೀಯಾ ಎಂದು ಕೇಳುವ ಕಮಾಂಡ್) ಹೋಗುತ್ತಿದೆ, ಮೌಂಟ್ ಮಾತ್ರ 'ನೋ ರೂಟ್' ಅನ್ನುತ್ತಿದೆ ಎಂದರೆ ಫೈರ್‌ವಾಲ್ ಎಂದೇ ತಿಳಿಯಿರಿ.

'ಸ್ಟೇಲ್ ಫೈಲ್ ಹ್ಯಾಂಡಲ್' ಬಂದರೆ ಕ್ಲೈಂಟ್ ನೆನಪಿಟ್ಟುಕೊಂಡ ಫೋಲ್ಡರ್ ಸರ್ವರ್‌ನಲ್ಲಿ ಈಗ ಆ ಗುರುತಿನಲ್ಲಿ ಇಲ್ಲ. ಡಿಸ್ಕ್ ಬದಲಾಯಿಸಿದಾಗ, ಫೋಲ್ಡರ್ ಅಳಿಸಿ ಮತ್ತೆ ಮಾಡಿದಾಗ ಬರುತ್ತದೆ. ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಹೋಗುತ್ತದೆ.

ಮೆಸೇಜ್ ಬರೆದಾದ ಮೇಲೆ ಅದೇ ಮಷಿನ್‌ನಿಂದ ಎರಡು ಪರೀಕ್ಷೆ. ಒಂದು, 'ಪಿಂಗ್ 192.168.1.10'. ಎರಡು, 'ಎನ್‌ಸಿ -ಜೆಡ್‌ವಿ 192.168.1.10 2049'. ಎನ್‌ಎಫ್‌ಎಸ್‌ನ ಪೋರ್ಟ್ 2049, ಅದು ತೆರೆದಿದೆಯಾ ಎಂದು ಈ ಎರಡನೆಯದು ಹೇಳುತ್ತದೆ. ಪಕ್ಕದ ಮಷಿನ್‌ನಿಂದಲೂ ಇದನ್ನೇ ಮಾಡಿ. ಎರಡರ ವ್ಯತ್ಯಾಸವೇ ನಿಮಗೆ ದಾರಿ.

ಹೆಜ್ಜೆ 3: ತಂತಿ, ಶೀತ, ಸ್ವಿಚ್

ಬೆಂಗಳೂರಿನಲ್ಲಿ ಕೂತು ಬರೆದವರು ಈ ಹೆಜ್ಜೆಯನ್ನು ಒಂದು ಸಾಲಿನಲ್ಲಿ ಮುಗಿಸಬಹುದು. ನಮ್ಮ ಕಡೆ ಅದು ಆಗುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೋಡೆಯ ಮೇಲಿನ ಕನೆಕ್ಟರ್ ಎಲ್ಲಿ ಒಣಗಿರುತ್ತದೆ? ಅಗ್ಗದ ಆರ್‌ಜೆ45 ತುದಿಗಳಿಗೆ ಹೊಳಪಿನ ಲೇಪ ತೆಳ್ಳಗಿರುತ್ತದೆ. ಒಂದು ಮಳೆಗಾಲ ಕಳೆದರೆ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಕಿಲುಬು ಹಿಡಿದ ತಂತಿ ಪೂರ್ತಿ ಸಾಯುವುದಿಲ್ಲ, ಅದೇ ಕಷ್ಟ. ಗಿಗಾಬಿಟ್ ವೇಗಕ್ಕೆ ನಾಲ್ಕು ಜೋಡಿ ತಂತಿಯೂ ಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ಜೋಡಿ ಕೆಟ್ಟರೆ ಎಷ್ಟೋ ಕಾರ್ಡ್‌ಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಬಿಸಿಲು ಬಂದ ದಿನ ಮತ್ತೆ 1000ಕ್ಕೆ ಏರುತ್ತವೆ. ಏರಿಳಿಯುವ ಆ ಹೊತ್ತಿನಲ್ಲಿ ಲಿಂಕ್ ಕೆಲವು ಸೆಕೆಂಡ್ ಕಡಿಯುತ್ತದೆ, ಅಷ್ಟರಲ್ಲಿ ಮೌಂಟ್ ಕೇಳಿದವನು ಕಾಯಬೇಕು, ಪದೇ ಪದೇ ಕಡಿದರೆ 'ಟೈಮ್ಡ್ ಔಟ್' ಬರಬಹುದು.

ನೋಡುವುದು ಹೀಗೆ. 'ಈಥ್‌ಟೂಲ್' ಎಂದು ಬರೆದು, ಆಮೇಲೆ ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಡಿ. ಸ್ಪೀಡ್ ಎಂಬ ಸಾಲಿನಲ್ಲಿ 1000 ಇರಬೇಕಾದ ಕಡೆ 100 ಇದ್ದರೆ ಕೇಬಲ್ ಬದಲಿಸಿ. ಬೇರೆ ಪರೀಕ್ಷೆ ಬೇಡ. ಆಮೇಲೆ 'ಐಪಿ -ಎಸ್ ಲಿಂಕ್' ಕೊಡಿ. ಎರರ್ಸ್ ಕೆಳಗಿನ ಅಂಕಿ ಬರೆದಿಟ್ಟು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಅಂಕಿ ಇರುವುದು ಮುಖ್ಯವಲ್ಲ, ಏರುತ್ತಿದೆಯಾ ಎಂಬುದು ಮುಖ್ಯ. 'ಡಿಮೆಸೆಜ್' (ಡಿ ಎಂ ಇ ಎಸ್ ಜಿ) ಕಮಾಂಡ್‌ನಲ್ಲಿ ಲಿಂಕ್ ಡೌನ್, ಲಿಂಕ್ ಅಪ್ ಸಾಲುಗಳು ಮತ್ತೆ ಮತ್ತೆ ಬಂದಿದ್ದರೂ ಅದೇ ತೀರ್ಮಾನ.

ಹಳೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಬಹುದು. ಆದರೆ ಕಿಲುಬು ಒಳಗೆ ಎಷ್ಟು ದೂರ ಹೋಗಿದೆ ಗೊತ್ತಾಗುವುದಿಲ್ಲ. ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸುತ್ತಾ ಹೋಗಿ. ಹೊರಗಿಂದ ಒಳಗೆ ಬರುವ ಕೇಬಲ್‌ಗೆ, ಗೋಡೆಯ ತೂತಿಗಿಂತ ಸ್ವಲ್ಪ ಕೆಳಗೆ ಇಳಿಬಿಟ್ಟು ಒಂದು ಬಳುಕು ಕೊಡಿ. ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. ಇಲ್ಲದಿದ್ದರೆ ಕೇಬಲ್ ಹಿಡಿದುಕೊಂಡು ಸೀದಾ ಸ್ವಿಚ್‌ಗೆ ಇಳಿಯುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆದಿದ್ದರೆ ಸಿಡಿಲಿನ ಕಾಲದಲ್ಲಿ ಎರಡೂ ಕಡೆಯ ಪೋರ್ಟ್ ಹೋಗಬಹುದು. ಅಲ್ಲಿಗೆ ಫೈಬರ್ ಹಾಕಿಸಿ. ನನ್ನ ಕೈಯಲ್ಲಿ ಎರಡು ಸ್ವಿಚ್ ಸುಟ್ಟ ಮೇಲೆ ಬಂದ ಬುದ್ಧಿ ಇದು.

ಇದರಲ್ಲೇ ಒಂದು ಸಣ್ಣ ವಿಷಯ. ಮೌಂಟ್ ಆಗುತ್ತದೆ, ಸಣ್ಣ ಫೋಲ್ಡರ್ ತೆರೆಯುತ್ತದೆ, ದೊಡ್ಡದು ತೆರೆದರೆ ನಿಂತುಬಿಡುತ್ತದೆ ಎಂದಾದರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಕಟ್ಟಿನ ಗರಿಷ್ಠ ಬೈಟ್) ನೋಡಿ. ಯಾರೋ ವೇಗ ಜಾಸ್ತಿಯಾಗಲಿ ಎಂದು ಸರ್ವರ್‌ನಲ್ಲೂ ಕ್ಲೈಂಟ್‌ನಲ್ಲೂ 9000 ಇಟ್ಟಿರುತ್ತಾರೆ, ನಡುವಿನ ಸ್ವಿಚ್‌ಗೆ 1500 ಮಾತ್ರ ಗೊತ್ತಿರುತ್ತದೆ. 'ಪಿಂಗ್ -ಎಂ ಡು -ಎಸ್ 1472 192.168.1.10' ಕೊಡಿ, ಇಲ್ಲಿ ಎಂ ದೊಡ್ಡಕ್ಷರ. 1500ರಲ್ಲಿ ಹೆಡರ್‌ಗೆ 28 ಬೈಟ್ ಹೋದರೆ 1472. ಕ್ಲೈಂಟ್, ಸರ್ವರ್ ಎರಡೂ ಕಡೆಯಿಂದ ಇದು ಹೋಗಬೇಕು. 9000 ಇಟ್ಟಿರುವ ಕಡೆಯಿಂದ 8972 ಕೊಟ್ಟಾಗ ಹೋಗದಿದ್ದರೆ ಅಲ್ಲೂ 1500ಕ್ಕೆ ಇಳಿಸಿ. ಸಣ್ಣ ಲ್ಯಾಬ್‌ಗೆ 9000 ಬೇಕಾಗಿಯೂ ಇಲ್ಲ.

ಹೆಜ್ಜೆ 4: ಇಬ್ಬರಿಗೆ ಒಂದೇ ಐಪಿ

ಈಗ ನನ್ನ ತಪ್ಪಿನ ಕತೆ.

ಪುಸ್ತಕದಲ್ಲಿ ಮೂರು ವಾರದ ಸಾಲುಗಳು ಸೇರಿದ ಮೇಲೆ ನೋಡಿದೆ. ಬಿದ್ದಿದ್ದು ಹನ್ನೊಂದನೇ ಮಷಿನ್ ಇಲ್ಲವೇ ಹತ್ತೊಂಬತ್ತನೇದು. ಮೂರನೆಯದು ಯಾವುದೂ ಇಲ್ಲ. ಹನ್ನೊಂದನ್ನು ರೀಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಹತ್ತೊಂಬತ್ತು ಬೀಳುತ್ತಿತ್ತು. ಪೂರ್ತಿ ಕ್ಲಾಸ್ ಇದ್ದ ದಿನ ಮಾತ್ರ ತಕರಾರು. ಅರ್ಧ ಬ್ಯಾಚ್ ಬಂದ ದಿನ ಎರಡರಲ್ಲಿ ಒಂದು ಆಫ್ ಇರುತ್ತಿತ್ತು, ಆಗ ಎಲ್ಲ ಸರಿ.

ಹಳೇ ಮಷಿನ್‌ಗಳು ಭಾರ ತಾಳುವುದಿಲ್ಲ ಎಂದು ಅಲ್ಲಿ ಉಬುಂಟು ಸರ್ವರ್ ಆವೃತ್ತಿ ಹಾಕಿ, ಮೇಲೆ ಹಗುರದ ಡೆಸ್ಕ್‌ಟಾಪ್ ಕೂರಿಸಿದ್ದೆ. ಹತ್ತೊಂಬತ್ತರ ಡಿಸ್ಕ್ ಹೋದಾಗ ಹೊಸದಾಗಿ ಹಾಕುವ ಸೋಮಾರಿತನಕ್ಕೆ ಹನ್ನೊಂದರ ಡಿಸ್ಕನ್ನೇ ಕ್ಲೋನ್ ಮಾಡಿದೆ. ಹೋಸ್ಟ್‌ನೇಮ್ (ಮಷಿನ್‌ನ ಹೆಸರು) ಕೂಡ ಬದಲಾಯಿಸಲಿಲ್ಲ. ಉಬುಂಟುವಿನ ಈ ಆವೃತ್ತಿ ಐಪಿ ಕೇಳುವಾಗ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಬದಲು '/ಇಟಿಸಿ/ಮಷಿನ್-ಐಡಿ' ಫೈಲಿನಿಂದ ಹುಟ್ಟಿದ ಗುರುತನ್ನು ಐಪಿ ಹಂಚುವ ಡಿಎಚ್‌ಸಿಪಿಗೆ ಕೊಡುತ್ತದೆ. ಎರಡೂ ಮಷಿನ್‌ಗಳ ಗುರುತು ಒಂದೇ. ಆ ಗುರುತು ನೋಡಿ ಐಪಿ ಕೊಡುವ ರೌಟರ್‌ಗೆ ಎರಡೂ ಒಬ್ಬನೇ ಆಸಾಮಿ. ಇಬ್ಬರಿಗೂ ಒಂದೇ ಐಪಿ ಕೊಟ್ಟು ಕಳಿಸಿತು.

ಆಮೇಲೆ ಯಾರು ಕೊನೆಗೆ ಎದ್ದರೋ ಸರ್ವರ್ ಅವರ ಕಡೆ ತಿರುಗುತ್ತದೆ. ಇನ್ನೊಬ್ಬನ ಉತ್ತರವೂ ಇವನಿಗೇ ಬರುತ್ತದೆ. ನನ್ನ "ರೀಸ್ಟಾರ್ಟ್ ಮಾಡಿ ನೋಡಿ" ಕೆಲಸ ಮಾಡುತ್ತಿದ್ದುದು ಅದಕ್ಕೇ. ಒಬ್ಬನ ತಟ್ಟೆಯಿಂದ ತೆಗೆದು ಇನ್ನೊಬ್ಬನಿಗೆ ಬಡಿಸುತ್ತಿದ್ದೆ, ಅಷ್ಟೇ.

ಪತ್ತೆ ಹಚ್ಚುವುದು ಸುಲಭ. ಸರ್ವರ್‌ನಲ್ಲಿ 'ಐಪಿ ನೆಯ್' ಕಮಾಂಡ್ ಕೊಡಿ (ಇಂಗ್ಲಿಷಿನ 'ನೇಬರ್' ಪದದ ಮೊದಲ ಐದಕ್ಷರ). ಬಿದ್ದ ಮಷಿನ್‌ನ ಐಪಿ ಮುಂದೆ ಇರುವ ಮ್ಯಾಕ್ ವಿಳಾಸ ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ನೋಡಿದಾಗ ಅದು ಬದಲಾಗಿದ್ದರೆ ಇಬ್ಬರಿದ್ದಾರೆ. ಖಚಿತ ಮಾಡಿಕೊಳ್ಳಲು ಮೂರನೇ ಮಷಿನ್‌ನಿಂದ 'ಆರ್ಪಿಂಗ್ -ಬಿ -ಐ' ಕೊಟ್ಟು, ಕಾರ್ಡಿನ ಹೆಸರು, ಆ ಐಪಿ ಬರೆಯಿರಿ. ಇಲ್ಲಿ ಐ ದೊಡ್ಡಕ್ಷರ. ಎರಡು ಬೇರೆ ಮ್ಯಾಕ್‌ನಿಂದ ಉತ್ತರ ಬಂದರೆ ಕತೆ ಮುಗಿಯಿತು.

ಸರಿಪಡಿಸಲು, ಕ್ಲೋನ್ ಆದ ಮಷಿನ್‌ನಲ್ಲಿ ಮಷಿನ್-ಐಡಿ ಫೈಲನ್ನು ತೆಗೆಯಿರಿ. '/ವಾರ್/ಲಿಬ್/ಡಿಬಸ್' ಒಳಗೆ ಅದರ ಪ್ರತಿ ಇದ್ದರೆ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಹಳೆಯದೇ ಮರಳಿ ಬರುತ್ತದೆ. ಆಮೇಲೆ 'ಸಿಸ್ಟಮ್‌ಡಿ-ಮಷಿನ್-ಐಡಿ-ಸೆಟಪ್' ಓಡಿಸಿ ರೀಸ್ಟಾರ್ಟ್ ಮಾಡಿ. ಈ ಸಲ ರೀಸ್ಟಾರ್ಟ್ ನ್ಯಾಯವಾದದ್ದು.

ಹೋಸ್ಟ್‌ನೇಮ್ ಕೂಡ ಬದಲಾಯಿಸಿ, ಮರೆಯಬೇಡಿ. ಎನ್‌ಎಫ್‌ಎಸ್ 4ನೇ ಆವೃತ್ತಿಯಲ್ಲಿ ಲಿನಕ್ಸ್ ಕ್ಲೈಂಟ್ ತನ್ನ ಗುರುತನ್ನು ಹೋಸ್ಟ್‌ನೇಮ್‌ನಿಂದ ಮಾಡಿಕೊಳ್ಳುತ್ತದೆ. ಇಬ್ಬರಿಗೆ ಒಂದೇ ಹೆಸರಿದ್ದರೆ, ಐಪಿ ಬೇರೆಯಾದರೂ, ಅದೇ ಕ್ಲೈಂಟ್ ಮತ್ತೆ ಎದ್ದು ಬಂದಿದೆ ಎಂದು ಸರ್ವರ್ ತಿಳಿಯಬಹುದು. ಆಗ ಮೊದಲನೆಯವನು ತೆರೆದಿಟ್ಟ ಫೈಲ್, ಬೇರೆಯವರು ಬರೆಯದಂತೆ ಹಾಕಿದ ಲಾಕ್‌ಗಳ ಲೆಕ್ಕ ಎಸೆಯುತ್ತದೆ. ಎಲ್ಲ ಮಷಿನ್‌ಗೂ 'ಲೋಕಲ್‌ಹೋಸ್ಟ್' ಎಂದೇ ಹೆಸರಿರುವ ಲ್ಯಾಬ್‌ಗಳನ್ನು ನೋಡಿದ್ದೇನೆ. ಅಲ್ಲಿ ಕಾರಣವಿಲ್ಲದೆ ಸಿಕ್ಕಿಕೊಳ್ಳುವ ತೊಂದರೆಗೆ ಇದೇ ಕಾರಣ ಇರಬಹುದು.

ಹಾಗೇ ಸರ್ವರ್‌ನ ಐಪಿಯನ್ನು ಕೈಯಾರೆ ಖಾಯಂ ಕೊಟ್ಟಿದ್ದರೆ, ರೌಟರ್ ಹಂಚುವ ಪಟ್ಟಿಯಿಂದ ಅದು ಹೊರಗಿರಲಿ. ಇಲ್ಲದಿದ್ದರೆ ಒಂದು ದಿನ ಯಾರದೋ ಫೋನ್‌ಗೆ 192.168.1.10 ಸಿಕ್ಕಿ ಇಡೀ ಲ್ಯಾಬ್ ನಿಲ್ಲುತ್ತದೆ.

ಹೆಜ್ಜೆ 5: ಸರ್ವರ್ 'ಇಲ್ಲ' ಎಂದಾಗ

ಸರ್ವರ್‌ನಲ್ಲಿ 'ಜರ್ನಲ್‌ಸಿಟಿಎಲ್ -ಯು ಎನ್‌ಎಫ್‌ಎಸ್-ಮೌಂಟ್‌ಡಿ' ನೋಡಿ. 'ರೆಫ್ಯೂಸ್ಡ್ ಮೌಂಟ್ ರಿಕ್ವೆಸ್ಟ್' ಎಂಬ ಸಾಲಿನ ಕೊನೆಯಲ್ಲಿ ಕಾರಣವೂ ಇರುತ್ತದೆ. 'ಅನ್‌ಮ್ಯಾಚ್ಡ್ ಹೋಸ್ಟ್' ಎಂದರೆ ಯಾವ ಫೋಲ್ಡರ್ ಯಾರಿಗೆ ಎಂದು ಬರೆದಿಡುವ '/ಇಟಿಸಿ/ಎಕ್ಸ್‌ಪೋರ್ಟ್ಸ್' ಫೈಲಿನಲ್ಲಿ ಆ ಕ್ಲೈಂಟ್ ಇಲ್ಲ, ಅಥವಾ ಇದ್ದರೂ ಸರ್ವರ್‌ಗೆ ಗುರುತು ಸಿಕ್ಕಿಲ್ಲ.

ಗುರುತು ಸಿಗದಿರುವುದು ಯಾಕೆ? ಅಲ್ಲಿ ಐಪಿ ಬದಲು ಹೆಸರು ಬರೆದಿರುತ್ತಾರೆ. ಬಂದ ಐಪಿ ಯಾರದು ಎಂದು ಸರ್ವರ್, ಹೆಸರಿಗೂ ಐಪಿಗೂ ತಾಳೆ ಹಾಕಿ ಹೇಳುವ ಡಿಎನ್‌ಎಸ್ ಅನ್ನು ಕೇಳಬೇಕಾಗುತ್ತದೆ. ಡಿಎನ್‌ಎಸ್ ಹೊರಗಿನದ್ದಾದರೆ ಇಂಟರ್ನೆಟ್ ಹೋದಾಗ ಒಳಗಿನ ಫೋಲ್ಡರೂ ಹೋಗುತ್ತದೆ. ಸಾಗರದ ಕಡೆ ಒಂದು ಸಣ್ಣ ಆಫೀಸಿನಲ್ಲಿ ಇದೇ ಆಗಿತ್ತು. ಮರ ಬಿದ್ದು ಬ್ರಾಡ್‌ಬ್ಯಾಂಡ್ ಹೋದರೆ ಪಕ್ಕದ ಟೇಬಲ್‌ನ ಸರ್ವರ್ ಕೂಡ ಮುನಿಸಿಕೊಳ್ಳುತ್ತಿತ್ತು. ಎಕ್ಸ್‌ಪೋರ್ಟ್ಸ್‌ನಲ್ಲಿ 192.168.1.0/24 ಎಂದು ನೇರ ಬರೆಯಿರಿ, 192.168.1ರಿಂದ ಶುರುವಾಗುವ ಎಲ್ಲ ಐಪಿಗೂ ಅದು ಸಾಕು, ಸುಮ್ನೆ ಹೆಸರಿನ ಗೋಜು ಬೇಡ. ಬರೆಯುವಾಗ ಐಪಿಗೂ ಆವರಣ ಚಿಹ್ನೆಗೂ ನಡುವೆ ಜಾಗ ಬಿಡಬೇಡಿ. ಬಿಟ್ಟರೆ ಆವರಣದೊಳಗಿನ ಅನುಮತಿ ಊರಿಗೆಲ್ಲ ಸಿಗುತ್ತದೆ, ನಿಮ್ಮ ನೆಟ್‌ವರ್ಕ್‌ಗೆ ಬರೀ ಓದುವ ಹಕ್ಕು ಉಳಿಯುತ್ತದೆ. ಬದಲಾವಣೆ ಆದ ಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ' ಕೊಡಿ, '-ವಿ' ಕೊಟ್ಟು ಪರಿಶೀಲಿಸಿ.

'ಇಲ್ಲೀಗಲ್ ಪೋರ್ಟ್' ಎಂದು ಬಂದರೆ ಕ್ಲೈಂಟ್ 1024 ಅಥವಾ ಅದಕ್ಕಿಂತ ಮೇಲಿನ ಪೋರ್ಟ್‌ನಿಂದ ಬಂದಿದೆ. ವರ್ಚುವಲ್ ಮಷಿನ್‌ನಿಂದಲೋ ಇನ್ನೊಂದು ರೌಟರ್ ಹಿಂದಿನಿಂದಲೋ ಬಂದವರಿಗೆ ಹೀಗಾಗುತ್ತದೆ.

ಸರ್ವರ್ ರೀಸ್ಟಾರ್ಟ್ ಆದಾಗಲೆಲ್ಲ ಕೈಕೊಡುತ್ತದೆ, ಫೈರ್‌ವಾಲ್ ನಿಲ್ಲಿಸಿದರೆ ಸರಿಹೋಗುತ್ತದೆ ಅಲ್ವಾ? ಅದಕ್ಕೆ ಕಾರಣ ಎನ್‌ಎಫ್‌ಎಸ್ 3. 1995ರ ಆ ಆವೃತ್ತಿಯಲ್ಲಿ ಮೌಂಟ್ ಮಾಡಿಸುವ 'ಮೌಂಟ್‌ಡಿ' ಬೇರೆಯೇ ಪೋರ್ಟ್‌ನಲ್ಲಿ ಕೂರುತ್ತದೆ. ಖಾಯಂ ಮಾಡದಿದ್ದರೆ ಪ್ರತಿ ಸಲ ಬೇರೆ ಪೋರ್ಟ್ ಹಿಡಿಯಬಹುದು. ಅದು ಎಲ್ಲಿದೆ ಎಂದು ಹೇಳುವ 'ಆರ್‌ಪಿಸಿಬೈಂಡ್' 111ರಲ್ಲಿ ಇರುತ್ತದೆ. '/ಇಟಿಸಿ/ಎನ್‌ಎಫ್‌ಎಸ್.ಕಾನ್ಫ್' ಫೈಲಿನ ಮೌಂಟ್‌ಡಿ ಭಾಗದಲ್ಲಿ ಪೋರ್ಟ್ 20048 ಎಂದು ಬರೆದು, ಅದನ್ನೂ 111, 2049ನ್ನೂ ಫೈರ್‌ವಾಲ್‌ನಲ್ಲಿ ತೆರೆಯಬಹುದು. ನನ್ನ ಮಾತು ಕೇಳುವುದಾದರೆ 3ನ್ನು ಬಿಟ್ಟುಬಿಡಿ. ಕ್ಲೈಂಟ್‌ನಲ್ಲಿ 'ವರ್ಸ್=4.2' ಕೊಟ್ಟರೆ 2049 ಒಂದೇ ಪೋರ್ಟ್ ಸಾಕು. ಈಗ ಯಾವುದರಲ್ಲಿದ್ದೀರಿ ಎಂದು 'ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ' ತೋರಿಸುತ್ತದೆ. ಆವೃತ್ತಿ ಹೇಳದಿದ್ದರೆ 4 ಸಿಗದಿದ್ದಾಗ ಕ್ಲೈಂಟ್ ತಾನೇ 3ಕ್ಕೆ ಇಳಿಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಹೆಜ್ಜೆ 6: ಕರೆಂಟ್ ಬಂದ ಮೇಲಿನ ಐದು ನಿಮಿಷ

ಮಲೆನಾಡಿನಲ್ಲಿ ಮಳೆಗಾಲ ಅಂದರೆ ಕರೆಂಟ್ ಹೋಗಿ ಬರುವ ಕಾಲ. ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಏಳುತ್ತವೆ, ಏಳುವ ವೇಗ ಮಾತ್ರ ಬೇರೆ ಬೇರೆ. ಎಸ್‌ಎಸ್‌ಡಿ ಇರುವ ಕ್ಲೈಂಟ್ ಅರ್ಧ ನಿಮಿಷದಲ್ಲಿ ಎದ್ದು ಮೌಂಟ್ ಕೇಳುತ್ತದೆ. ಸರ್ವರ್ ಇನ್ನೂ ಡಿಸ್ಕ್ ಎಣಿಸುತ್ತಿರುತ್ತದೆ. ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ ಇದ್ದು, ಅದರಲ್ಲಿ ತಂತಿಗಳು ಸುತ್ತು ಬೀಳದಂತೆ ಕಾಯುವ ಸ್ಪ್ಯಾನಿಂಗ್ ಟ್ರೀ ಹಳೇ ಬಗೆಯದಾದರೆ ಪ್ರತಿ ಪೋರ್ಟ್ ತೆರೆಯಲು 30 ಸೆಕೆಂಡ್ ಕಾಯಿಸುತ್ತದೆ. ಕ್ಲೈಂಟ್ ಇರುವ ಪೋರ್ಟ್‌ಗಳಿಗೆ 'ಪೋರ್ಟ್‌ಫಾಸ್ಟ್' ಅಥವಾ 'ಎಡ್ಜ್' ಹಾಕಿ.

ಸರ್ವರ್‌ಗೆ ಯುಪಿಎಸ್ ಇರುತ್ತದೆ, ಸ್ವಿಚ್‌ಗೆ ಇರುವುದಿಲ್ಲ. ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ಸ್ವಿಚ್ ಮತ್ತು ರೌಟರ್ ಎರಡನ್ನೂ ಅದೇ ಯುಪಿಎಸ್‌ಗೆ ಸೇರಿಸಿ. ಅವು ತಿನ್ನುವುದು ತೀರಾ ಕಮ್ಮಿ.

ಕ್ಲೈಂಟ್‌ನ '/ಇಟಿಸಿ/ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಈ ಮೌಂಟ್ ಬರೆದ ಸಾಲಿಗೆ 'ನೋಫೇಲ್' ಮತ್ತು 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' ಸೇರಿಸಿ. ಮೊದಲನೆಯದರಿಂದ ಫೋಲ್ಡರ್ ಸಿಗದಿದ್ದರೂ ಮಷಿನ್ ಏಳುತ್ತದೆ. ಎರಡನೆಯದರಿಂದ ಮೌಂಟ್ ಆಗುವುದು ಆನ್ ಆದಾಗ ಅಲ್ಲ, ಯಾರಾದರೂ ಫೋಲ್ಡರ್ ತೆರೆದಾಗ. ಸರ್ವರ್ ತಡವಾಗಿ ಎದ್ದರೂ ಇನ್ನೊಮ್ಮೆ ತೆರೆದರೆ ಮತ್ತೆ ಪ್ರಯತ್ನ ಆಗುತ್ತದೆ. ಕರೆಂಟ್‌ನ ದೂರುಗಳಲ್ಲಿ ಹೆಚ್ಚಿನವು ನನಗೆ ಇದರಿಂದಲೇ ನಿಂತವು. ಜೊತೆಗೆ 'ಸಾಫ್ಟ್' ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸರ್ವರ್ ತಡಮಾಡಿದಾಗ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ನಿಂತು ಹಾಳಾಗಬಹುದು. 'ಹಾರ್ಡ್' ಕಾಯಿಸುತ್ತದೆ, ಆದರೆ ಕೆಡಿಸುವುದಿಲ್ಲ.

ಇನ್ನೊಂದು: ಎನ್‌ಎಫ್‌ಎಸ್ 4 ಸರ್ವರ್ ಎದ್ದ ಮೇಲೆ 90 ಸೆಕೆಂಡ್ ತನಕ ಹಳೆಯ ಕ್ಲೈಂಟ್‌ಗಳು ತಮ್ಮ ಲಾಕ್ ವಾಪಸ್ ಪಡೆಯಲಿ ಎಂದು ಕಾಯುತ್ತದೆ. ಆ ಹೊತ್ತಿನಲ್ಲಿ ಮೌಂಟ್ ಆದರೂ ಫೈಲ್ ತೆರೆಯದೆ ನಿಲ್ಲಬಹುದು. ಇದು ದೋಷ ಅಲ್ಲ. ಟೀ ಕುಡಿದು ಬನ್ನಿ.

ಯುಎಸ್‌ಬಿ ಡಿಸ್ಕ್ ಹಂಚಿದ್ದರೆ ಇದನ್ನು ಗಮನಿಸಿ. ಡಿಸ್ಕ್ ಏಳುವ ಮುಂಚೆ ಎನ್‌ಎಫ್‌ಎಸ್ ಎದ್ದರೆ ಸರ್ವರ್ ಖಾಲಿ ಫೋಲ್ಡರನ್ನೇ ಹಂಚುತ್ತದೆ. ಮೌಂಟ್ ಆಗುತ್ತದೆ, ಒಳಗೆ ಏನೂ ಇಲ್ಲ. "ಎಲ್ಲಾ ಫೈಲ್ ಹೋಯ್ತು" ಎಂದು ಕೂಗು ಏಳುತ್ತದೆ. ಎಕ್ಸ್‌ಪೋರ್ಟ್ಸ್‌ನ ಆವರಣದೊಳಗೆ 'ಎಂಪಿ' ಎಂಬ ಎರಡಕ್ಷರ ಸೇರಿಸಿ. ಆಗ ಡಿಸ್ಕ್ ನಿಜವಾಗಿ ಮೌಂಟ್ ಆಗಿದ್ದರೆ ಮಾತ್ರ ಹಂಚಿಕೆ ಆಗುತ್ತದೆ.

ಹೆಜ್ಜೆ 7: ನೀವೇ ಕರೆಂಟ್ ತೆಗೆಯಿರಿ

ಸರಿಯಾಯಿತು ಎಂದು ಕಾಯುತ್ತಾ ಕೂರಬೇಡಿ. ರಜೆಯ ದಿನ, ಪರೀಕ್ಷೆ ಇಲ್ಲದ ವಾರ ನೋಡಿ ಹೋಗಿ. ಸರ್ವರನ್ನು ಶಿಸ್ತಾಗಿ ಶಟ್‌ಡೌನ್ ಮಾಡಿ, ಡಿಸ್ಕ್‌ಗೆ ಏಟು ಬೀಳುವುದು ಬೇಡ. ಕ್ಲೈಂಟ್‌ಗಳನ್ನೂ ಆಫ್ ಮಾಡಿ. ಆಮೇಲೆ ಮೇನ್ ಇಳಿಸಿ. ಯುಪಿಎಸ್‌ನ ಸ್ವಿಚ್ಚೂ ಆಫ್ ಇರಲಿ. ಐದು ನಿಮಿಷ ಬಿಟ್ಟು ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ. ಎಲ್ಲ ಮಷಿನ್‌ನಲ್ಲೂ ಫೋಲ್ಡರ್ ತೆರೆದು ಒಂದು ಸಣ್ಣ ಫೈಲ್ ಬರೆಯಿರಿ. ಇಂಟರ್ನೆಟ್ ಕೇಬಲ್ ಕಿತ್ತು ಇನ್ನೊಮ್ಮೆ ಮಾಡಿ. ಮೂರನೇ ಸಲ ಕ್ಲೈಂಟ್‌ಗಳನ್ನು ಮೊದಲು, ಸರ್ವರನ್ನು ಎರಡು ನಿಮಿಷ ತಡವಾಗಿ ಎಬ್ಬಿಸಿ.

ಯಾವುದಾದರೂ ಒಂದು ಬಿದ್ದರೆ ಅದನ್ನು ಮುಟ್ಟಬೇಡಿ. ಪುಸ್ತಕ ತೆಗೆದು ಗಂಟೆ ಬರೆದು, ಹೆಜ್ಜೆ 2ರಿಂದ ಮತ್ತೆ ಶುರುಮಾಡಿ.